ತೇನೆಮಂಚು ಮತ್ತು ನನ್ನ ತೆಲುಗು

ಅರ್ಥವಾಗದ ಮಾತಿಗೆ ಅರ್ಥವಾದವನಂತೆ ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಡಾಕ್ಟರು ರಕ್ತದ ರಿಪೋರ್ಟು ಹಿಡಿದು ವಿವರಿಸುವಾಗ ಆಡಿಸಿದ್ದೇನೆ. ಇಲಾಖೆಯ ತರಬೇತಿಯಲ್ಲಿ ಮೂರು ದಿನ ಬಿಡದೆ ಆಡಿಸಿ ಕತ್ತು ಹಿಡಿಸಿಕೊಂಡು ಬಂದಿದ್ದೇನೆ. ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಕೇಳಿದರೆ ಮುಗಿಯುವ ಕೆಲಸ. ಆದರೆ ಆ ಮೂರು ಪದ ನನ್ನ ಬಾಯಿಂದ ಹೊರಡುವುದಿಲ್ಲ. ತಮಾಷೆ ಏನೆಂದರೆ, ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ‘ಅರ್ಥ ಆಗ್ದಿದ್ರೆ ಕೇಳ್ರೋ, ನಾಚ್ಕೋಬೇಡ್ರೋ’ ಎಂದು ದಿನಕ್ಕೆ ನಾಲ್ಕು ಸಲ ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ.

ಈ ಕಲೆ ನನಗೆ ಪೂರ್ತಿಯಾಗಿ ಸಿದ್ಧಿಸಿದ್ದು ಮದುವೆಯಾದ ಮೇಲೆ. ನಾನು ಗೌರಿಬಿದನೂರಿನ ಕಡೆಯವನು. ಅಲ್ಲೂ ತೆಲುಗಿಗೇನು ಬರವಿಲ್ಲ, ಆದರೆ ನಮ್ಮಪ್ಪ ಮನೆಯೊಳಗೆ ಅದನ್ನು ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ರಾ, ಪೋ, ಎಂತ, ಮಂಚಿದಿ ಎಂಬ ಬಸ್‌ಸ್ಟ್ಯಾಂಡಿನ ತೆಲುಗಷ್ಟೇ ನನಗೆ ದಕ್ಕಿತು. ನನ್ನ ಹೆಂಡತಿ ಭಾಗ್ಯಳ ತವರು ಚಿಂತಾಮಣಿಯಿಂದಾಚೆ, ಮುರುಗಮಲ್ಲದ ಹತ್ತಿರ. ಅವರ ಮನೆಯಲ್ಲಿ ನಾಯಿಯನ್ನು ಗದರಿಸುವುದೂ ತೆಲುಗಿನಲ್ಲಿಯೇ. ಹೆಣ್ಣು ನೋಡಲು ಹೋದ ದಿನ ನಮ್ಮತ್ತೆ ನನ್ನ ಮುಂದೆ ನಿಂತು ತೆಲುಗಿನಲ್ಲಿ ಏನೋ ಉದ್ದಕ್ಕೆ ಕೇಳಿದರು. ‘ತಿಳಿಯಲಿಲ್ಲ’ ಎಂದರೆ ಹೆಣ್ಣು ಕೊಡದೆ ಹೋದಾರು ಎಂಬ ಭಯಕ್ಕೆ, ‘ಚಾಲಾ ಮಂಚಿದಿ ಅತ್ತಮ್ಮಾ’ ಎಂದುಬಿಟ್ಟೆ. ಬಹಳ ಒಳ್ಳೆಯದು ಎಂದರೆ ಯಾವ ಪ್ರಶ್ನೆಗೆ ತಾನೇ ಕೆಟ್ಟ ಉತ್ತರವಾದೀತು? ಎಲ್ಲರೂ ನಕ್ಕರು. ಹೆಣ್ಣನ್ನೂ ಕೊಟ್ಟರು. ಅಂದಿನಿಂದ ಇಪ್ಪತ್ತೆರಡು ವರ್ಷ ನಾನು ಅದೇ ಉತ್ತರದ ಮೇಲೆ ಅಳಿಯತನ ನಡೆಸಿಕೊಂಡು ಬಂದಿದ್ದೆ. ಅತ್ತಮ್ಮನಿಗೆ ಕನ್ನಡ ಬರುವುದಿಲ್ಲವೆಂದಲ್ಲ, ಚೆನ್ನಾಗಿಯೇ ಬರುತ್ತದೆ. ಆದರೂ ನನ್ನೊಡನೆ ಮಾತಾಡುವಾಗ ಮಧ್ಯೆ ಮಧ್ಯೆ ತೆಲುಗಿಗೆ ಜಾರುತ್ತಿದ್ದರು. ಅಳಿಯನನ್ನು ಸ್ವಂತ ಮಗನೆಂದು ತಿಳಿದಿದ್ದಾರೆ, ಅದಕ್ಕೇ ಮನೆಯ ಭಾಷೆ ಬರುತ್ತದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಈಗ ಮರದ ವಿಷಯಕ್ಕೆ ಬರುತ್ತೇನೆ. ಎಂಟು ವರ್ಷದ ಹಿಂದೆ ಜಂಗಮಕೋಟೆಯ ಹತ್ತಿರ ಊರಂಚಿನಲ್ಲಿ ನಾವು ಮನೆ ಕಟ್ಟಿಸಿದಾಗ ಅತ್ತಮ್ಮ ತಮ್ಮ ತೋಪಿನ ರಸಪುರಿ ಮಾವಿನ ಕಸಿ ಗಿಡವೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಹಿತ್ತಲಲ್ಲಿ ತಾವೇ ಗುಂಡಿ ತೋಡಿಸಿ ನೆಟ್ಟರು. ಮಾವನವರು ತೀರಿಕೊಂಡ ಮೇಲೆ ಪಾಲಾಗಿ ಆ ತೋಪು ಬೇರೆಯವರ ಕೈಗೆ ಹೋಯಿತು, ಹಳೆಯ ಮರಗಳನ್ನು ಕಡಿದರು. ಆ ಮರಗಳ ಕುಡಿಯಾಗಿ ಉಳಿದದ್ದು ನಮ್ಮ ಹಿತ್ತಲಿನ ಇದೊಂದೇ. ಗಿಡ ಮರವಾಯಿತು, ಹೂ ಮಾತ್ರ ಕಾಣಲಿಲ್ಲ. ಪ್ರತಿ ವರ್ಷ ಯುಗಾದಿಗೆ ಬಂದಾಗ ಅತ್ತಮ್ಮ ಮರದ ಸುತ್ತ ಒಂದು ಸುತ್ತು ಹಾಕಿ, ‘ಈ ವರ್ಷಾನೂ ಇಲ್ವೇನಪ್ಪಾ? ಆ ತೋಪಿನ ಹಣ್ಣು ಇನ್ನೊಂದ್ಸಲ ನಾಲ್ಗೆಗೆ ಬಿದ್ರೆ ಸಾಕು ನಂಗೆ’ ಎನ್ನುತ್ತಿದ್ದರು. ಎಪ್ಪತ್ತೆಂಟರ ಹೆಂಗಸು ಹಾಗೆ ಹೇಳಿದಾಗ ಮರ ಹೂ ಬಿಡದಿದ್ದದ್ದು ನನ್ನದೇ ತಪ್ಪೇನೋ ಎನ್ನಿಸಿ ತಲೆ ತಗ್ಗಿಸುತ್ತಿದ್ದೆ.

ಈ ಸಲ ಸಂಕ್ರಾಂತಿ ಕಳೆಯುತ್ತಿದ್ದಂತೆ ಮರ ಎಲೆ ಕಾಣದಷ್ಟು ಹೂ ಬಿಟ್ಟಿತು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಾಲೆಗೆ ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಮರದ ಕೆಳಗೆ ನಿಂತು ನೋಡುತ್ತಿದ್ದೆ. ಎರಡು ವಾರ ಕಳೆದಾಗ ಎಲೆಗಳೆಲ್ಲ ಎಣ್ಣೆ ಹಚ್ಚಿದಂತೆ ಫಳಫಳ ಹೊಳೆಯತೊಡಗಿದವು. ಕೆಂಪಿರುವೆಗಳು ಸಾಲುಸಾಲಾಗಿ ಕಾಂಡ ಹತ್ತಿದವು. ಮರದ ಕೆಳಗೆ ಹೋದರೆ ಸಣ್ಣ ತುಂತುರು ಬಿದ್ದಂತೆ ಪಟಪಟ ಸದ್ದು. ನಾಲಿಗೆಗೆ ಒಂದು ಹನಿ ತಾಕಿಸಿ ನೋಡಿದೆ, ಸಿಹಿ! ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟು ಅಂಟಂಟಾಗಿ, ಶಾಲೆಯ ಮುಂದೆ ಇಳಿಯಲು ಹೋದರೆ ಪ್ಯಾಂಟು ಸೀಟನ್ನು ಬಿಡಲೊಲ್ಲದು. ಇಷ್ಟಾದರೂ ನನಗೆ ಅನುಮಾನ ಬರಲಿಲ್ಲ. ಹಣ್ಣಿಗೆ ಮುಂಚೆಯೇ ಮರದಲ್ಲಿ ರಸ ಉಕ್ಕುತ್ತಿದೆ ಎಂದುಕೊಂಡು, ಸಂತೋಷ ತಡೆಯಲಾರದೆ ಅತ್ತಮ್ಮನಿಗೆ ನಾನೇ ಫೋನು ಮಾಡಿದೆ. ಎಲೆ ಹೊಳೆಯುತ್ತಿದೆ, ಸಿಹಿ ತೊಟ್ಟಿಕ್ಕುತ್ತಿದೆ, ಇರುವೆಗಳಿಗೂ ಸುದ್ದಿ ಮುಟ್ಟಿದೆ ಎಂದೆಲ್ಲ ವರ್ಣಿಸಿದೆ. ಆ ಕಡೆಯಿಂದ ಅತ್ತಮ್ಮ ಗಟ್ಟಿಯಾಗಿ, ‘ಅಯ್ಯೋ ನಾಯನಾ! ತೇನೆಮಂಚು ಪಟ್ಟಿಂದಿ!’ ಎಂದರು.

ತೇನೆ ಎಂದರೆ ಜೇನು ಎಂದು ನನಗೆ ಗೊತ್ತು. ಮಂಚಿ ಎಂದರೆ ಒಳ್ಳೆಯದು, ಅದಂತೂ ನನ್ನ ಅನ್ನದ ಪದ. ಎರಡನ್ನೂ ಕೂಡಿಸಿದೆ. ಜೇನಿನಂಥ ಒಳ್ಳೆಯದೇನೋ ನಿಮ್ಮ ಮರಕ್ಕೆ ಬಂದಿದೆ ಎನ್ನುತ್ತಿದ್ದಾರೆ, ಸಂತೋಷಕ್ಕೆ ದನಿ ಏರಿದೆ ಎಂದುಕೊಂಡೆ. ‘ಅವುನು ಅತ್ತಮ್ಮಾ, ಚಾಲಾ ಮಂಚಿದಿ’ ಎಂದು ಫೋನು ಇಟ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನಾದರೂ ಎತ್ತು ಎಂಬ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದ. ನಾನು ಅಷ್ಟೂ ಮಾಡಲಿಲ್ಲ.

ಒಂಬತ್ತು ದಿನದ ನಂತರ ಅತ್ತಮ್ಮ ಮಗಳಿಗೆ ಫೋನು ಮಾಡಿ, ‘ತೇನೆಮಂಚುಗೆ ಏನ್ ಹೊಡೆದ್ರಿ?’ ಎಂದು ಕೇಳಿದಾಗಲೇ ವಿಷಯ ಹೊರಬಿದ್ದದ್ದು. ಭಾಗ್ಯ ಶಿಡ್ಲಘಟ್ಟದ ಕಚೇರಿಯ ಕೆಲಸ, ಮನೆಯ ಕೆಲಸಗಳ ನಡುವೆ ಮರದ ಉಸಾಬರಿಯನ್ನು ಪೂರ್ತಿ ನನಗೇ ಬಿಟ್ಟಿದ್ದಳು. ಫೋನು ಹಿಡಿದೇ ಹಿತ್ತಲಿಗೆ ಓಡಿ ಒಂದು ಕೊಂಬೆ ಅಲ್ಲಾಡಿಸಿದಳು. ಬೂದು ಬಣ್ಣದ, ಅಕ್ಕಿ ನುಚ್ಚಿನಷ್ಟು ಪುಟ್ಟ ಹುಳುಗಳು ಹೊಗೆಯೆದ್ದಂತೆ ಎದ್ದು ಅವಳ ಮುಖಕ್ಕೆ ರಾಚಿದವು.

‘ರೀ, ಇದು ಜಿಗಿಹುಳ ಕಣ್ರೀ! ತೇನೆಮಂಚು ಅಂದ್ರೆ ಜೇನಿನ ಇಬ್ಬನಿ. ಮಂಚು ಅಂದ್ರೆ ಇಬ್ಬನಿ, ಮಂಚಿ ಅಲ್ಲ! ಹುಳ ಹೂವಿನ ರಸ ಕುಡ್ದು ಅದರ ಹಿಂದ್ಗಡೆಯಿಂದ ಬಿಡೋ ನೀರಿಗೆ ಹಂಗಂತಾರೆ. ನೀವೇನಂದ್ರಿ ಅಮ್ಮಂಗೆ?’

ನಾನು ಏನಂದೆ ಎಂದು ಹೇಳಬೇಕಾಯಿತು. ನಾಲಿಗೆಗೆ ತಾಕಿಸಿ ನೋಡಿದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಇಂದು ಮೊದಲ ಬಾರಿಗೆ ನಿಮ್ಮಲ್ಲಿ ಹೇಳುತ್ತಿದ್ದೇನೆ.

ಮರುದಿನ ನಮ್ಮ ಶಾಲೆಯ ಸೈನ್ಸ್ ಟೀಚರ್ ನಸೀಮಾ ಮೇಡಂ ಬಳಿ ಹೋಗಿ, ‘ಯಾರದೋ ಮರಕ್ಕೆ’ ಹೀಗಾಗಿದೆ ಎಂದು ಕೇಳಿದೆ. ‘ಅದಕ್ಕೆ ಕಚ್ಚೋ ಬಾಯಿ ಇಲ್ಲ ಸಾರ್, ಸೂಜಿ ಥರ ಒಂದು ಕೊಳವೆ ಅಷ್ಟೆ. ಹೂವಿನ ಕಾಂಡಕ್ಕೆ ಚುಚ್ಚಿ ಹೀರ್ತದೆ. ಮರದ ರಸದಲ್ಲಿ ಸಕ್ಕರೆ ಜಾಸ್ತಿ, ಅದಕ್ಕೆ ಬೇಕಾಗಿರೋ ಸತ್ವ ಕಮ್ಮಿ. ಹೊಟ್ಟೆ ತುಂಬೋಕೆ ಸಿಕ್ಕಾಪಟ್ಟೆ ಕುಡೀಲೇಬೇಕು, ಕುಡ್ದಿದ್ದು ಹೊರಗೆ ಬಿಡ್ಲೇಬೇಕು. ಪಾಪ, ಅದ್ರ ಹಣೆಬರಹ’ ಎಂದರು. ಬೇಸಿಗೆಯಲ್ಲಿ ಮರದ ಮೇಲೆ ಕಿರ್ರೆಂದು ಕಿರುಚುವ ಜೀರುಂಡೆಯೂ ಇದೇ ವಂಶದ್ದಂತೆ, ಅದೂ ಚುಚ್ಚಿ ಹೀರಿ ಹನಿಸುವ ಜಾತಿಯೇ ಅಂತೆ. ಚಿಕ್ಕಂದಿನಲ್ಲಿ ನಮ್ಮೂರ ಹುಣಸೆ ತೋಪಿನಲ್ಲಿ ಜೀರುಂಡೆ ಕೂಗುವಾಗ ಸುಡುಬಿಸಿಲಲ್ಲೂ ಮೇಲಿಂದ ತಣ್ಣಗೆ ಒಂದೊಂದು ಹನಿ ಬೀಳುತ್ತಿತ್ತು. ನಮ್ಮಜ್ಜಿ ‘ಮರ ಮಳೆ ಕರೀತಾ ಐತೆ’ ಎನ್ನುತ್ತಿದ್ದಳು. ನಾವು ಹುಡುಗರು ತಲೆಯೊಡ್ಡಿ ನಿಂತು ಆ ಹನಿಯನ್ನು ತೀರ್ಥದಂತೆ ಹಣೆಗೆ ಹಚ್ಚಿಕೊಳ್ಳುತ್ತಿದ್ದೆವು. ಈ ವಂಶಕ್ಕೂ ನನಗೂ ಹಳೆಯ ಋಣವಿದೆ ಎಂದಾಯಿತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಹುಳುವನ್ನು ನೋಡಿದೆ. ನಾನು ಈ ಬದಿಯಿಂದ ನೋಡಿದರೆ ಅದು ಅಡ್ಡಡ್ಡಲಾಗಿ ನಡೆದು ತೊಟ್ಟಿನ ಆ ಬದಿಗೆ ಹೋಗಿ ಅವಿತುಕೊಳ್ಳುತ್ತಿತ್ತು. ವ್ಯಾಕರಣದ ಪ್ರಶ್ನೆ ಕೇಳಿದಾಗ ನನ್ನ ಹಿಂದಿನ ಬೆಂಚಿನವರು ಮಾಡುವುದೂ ಇದನ್ನೇ. ಬೈಯಲು ಬಾಯಿ ಬರಲಿಲ್ಲ.

ಕನಿಕರ ಬಂದರೂ ಅತ್ತಮ್ಮನ ಮಾತು ಕಿವಿಯಲ್ಲಿತ್ತು. ಹೂ ಆಗಲೇ ಕಂದು ತಿರುಗುತ್ತಿತ್ತು. ಶಿಡ್ಲಘಟ್ಟದ ಗೊಬ್ಬರದಂಗಡಿಯಲ್ಲಿ ಔಷಧಿಯ ಬಾಟಲಿ ತಂದೆ, ಬೆನ್ನಿಗೆ ಹಾಕುವ ಪಂಪನ್ನು ಬೇಡಿ ತಂದೆ. ಆದರೆ ಹೊಡೆಯಲು ಒಂದು ದೊಡ್ಡ ಅಡ್ಡಿಯಿತ್ತು. ನಮ್ಮ ಹಿತ್ತಲ ಗೋಡೆಯಾಚೆ ಮುನಿಲಕ್ಷ್ಮಮ್ಮನವರ ಹಿಪ್ಪುನೇರಳೆ ತೋಟ.

ಮುನಿಲಕ್ಷ್ಮಮ್ಮ ರೇಷ್ಮೆ ಹುಳು ಸಾಕುವವರು. ಅವರ ಮುಂದೆ ನನ್ನ ಮಾನ ಹೋಗಿ ಎಂಟು ವರ್ಷವಾಗಿತ್ತು. ನಾವು ಹೊಸದಾಗಿ ಬಂದ ವಾರ, ಗೋಡೆಯ ಮೇಲಿಂದ ‘ಹೇಗಿದ್ದೀರಿ’ ಎಂದು ಕೇಳಿದೆ. ‘ಏನ್ ಹೇಳ್ಲಿ ಸಾರ್, ಮನೇಲಿ ಎಲ್ಲಾ ನಾಲ್ಕನೇ ಜ್ವರಕ್ಕೆ ಕೂತವೆ, ನಾಳಿದ್ದು ಏಳ್ತವೆ’ ಎಂದರು. ನಾನು ಗಾಬರಿಯಾಗಿ ಬ್ರೆಡ್ಡು, ಜ್ವರದ ಮಾತ್ರೆ ಹಿಡಿದು ಬಾಗಿಲಿಗೆ ಹೋದರೆ, ‘ಒಳಗ್ ಬರ್ಬೇಡಿ ಸಾರ್, ಹೊರಗಿನೋರ್ನ ಬಿಡಲ್ಲ’ ಎಂದು ಅಡ್ಡ ನಿಂತರು. ಅಂಟುಜ್ವರವೇ ಇರಬೇಕೆಂದು ಆಶಾ ಕಾರ್ಯಕರ್ತೆಗೂ ಹೇಳಿ ಕಳಿಸಿದೆ. ರೇಷ್ಮೆ ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಅಲುಗದೆ ಕೂರುತ್ತದೆ, ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ ಎಂದು ಆ ಆಶಾ ಕಾರ್ಯಕರ್ತೆ ನಕ್ಕು ನಕ್ಕು ಹೇಳಿ ಹೋದರು. ಅಂಥ ನಾಲ್ಕು ಜ್ವರ ದಾಟಿದ ಹುಳು ಎಂಟು ದಿನ ರಾಕ್ಷಸನ ಹಾಗೆ ಸೊಪ್ಪು ತಿಂದು, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಹೌದು, ಗೂಡು ಕಟ್ಟಲು ಸಿದ್ಧವಾದ ಹುಳುವಿಗೆ ಅವರು ಹಣ್ಣು ಎಂದೇ ಹೇಳುತ್ತಾರೆ. ಆ ಎಂಟು ದಿನದಲ್ಲಿ ಸೊಪ್ಪಿನ ಮೇಲೆ ಔಷಧಿಯ ಒಂದು ಹನಿ ಗಾಳಿಯಲ್ಲಿ ಬಂದು ಕೂತರೂ ಮನೆ ತುಂಬ ಹುಳು ಒಂದೇ ದಿನಕ್ಕೆ ಮುಗಿದಂತೆ. ಇದೆಲ್ಲ ನನಗೆ ಈಗ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಗೋಡೆಯ ಮೇಲಿಂದ ಕೇಳಿದೆ. ‘ನಿಮ್ಮ ಹುಳ ಎಷ್ಟನೇ ಜ್ವರ?’

‘ನಿನ್ನೆ ತಾನೆ ನಾಲ್ಕನೇದ್ರಿಂದ ಎದ್ವು ಸಾರ್. ಯಾಕೆ?’

ಅವರ ಕಣ್ಣು ನನ್ನ ಕೈಯ ಬಾಟಲಿಯ ಮೇಲೆ ಬಿತ್ತು, ಆಮೇಲೆ ಮರದ ಮೇಲೆ. ‘ಅಮ್ಮೋರ ಆಸೆ ನಂಗೂ ಗೊತ್ತು ಸಾರ್. ಗೋಡೆ ಪಕ್ಕದ ಸಾಲು ಕುಯ್ಯಲ್ಲ ಬಿಡಿ, ಆ ಕಡೆ ಸೊಪ್ಪಲ್ಲೇ ಹೆಂಗೋ ಸರಿ ಮಾಡ್ಕೋತೀನಿ. ಗಾಳಿ ಒಂದು ನೋಡ್ಕೊಂಡು ಹೊಡೀರಿ’ ಎಂದರು. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂರು ದಿನ ಆ ಬಾಟಲಿ ಸ್ಕೂಟರಿನ ಡಿಕ್ಕಿಯಲ್ಲೇ ಓಡಾಡಿತು. ಹೊಡೆಯಲೇಬೇಕು ಎಂದು ಬೆಳಿಗ್ಗೆ, ಹೊಡೆಯಬಾರದು ಎಂದು ಸಂಜೆ ಅನ್ನಿಸುತ್ತಿತ್ತು. ನಾಲ್ಕನೆಯ ದಿನ ಭಾನುವಾರ. ಪಂಪಿಗೆ ನೀರು ತುಂಬಿ ಬೆನ್ನಿಗೇರಿಸಿದೆ. ಔಷಧಿ ಬೆರೆಸುವ ಮುಂಚೆ ಒಂದು ಹಿಡಿ ರಾಗಿ ಹೊಟ್ಟು ಗಾಳಿಗೆ ತೂರಿ ನೋಡಿದೆ. ಹೊಟ್ಟು ನೆಟ್ಟಗೆ ಗೋಡೆ ಹಾರಿ ಹಿಪ್ಪುನೇರಳೆ ತೋಟಕ್ಕೆ ಹೋಯಿತು. ಕಾದೆ. ಮತ್ತೆ ತೂರಿದೆ, ಮತ್ತೆ ಅತ್ತಲೇ ಹೋಯಿತು. ಮುನಿಲಕ್ಷ್ಮಮ್ಮ ಸೊಪ್ಪಿನ ಹೊರೆಯನ್ನು ಇಳಿಸಿ ಗೋಡೆಯ ಬಳಿ ಬಂದು ನಿಂತರು. ಸೆರಗಿನ ತುದಿಯನ್ನು ಮೇಲೆ ಹಿಡಿದು ಗಾಳಿ ನೋಡಿ, ‘ಇನ್ನೊಂದು ಗಳಿಗೆ ಇರಿ ಸಾರ್, ಬಿಸಿಲೇರಿದ್ರೆ ಆ ಕಡೆ ತಿರುಗ್ತದೆ’ ಎಂದರು. ಅವರ ಹುಳುವನ್ನು ಕೊಲ್ಲಬಹುದಾದ ಔಷಧಿಗೆ ಅವರೇ ಗಾಳಿ ನೋಡಿಕೊಡುತ್ತಿದ್ದರು! ನನಗೆ ತುಂಬ ನಾಚಿಕೆಯಾಯಿತು. ಬಾಟಲಿಯನ್ನು ಬಿರಡೆ ತೆಗೆಯದೆ ಹಾಗೆಯೇ ಕೆಳಗಿಟ್ಟು, ‘ಬರೀ ನೀರು ಹೊಡೀತೀನಿ ಕಣಮ್ಮ. ಔಷಧಿ ಬೇಡ’ ಎಂದೆ. ಅವರು ಒಳಗೆ ಹೋಗಿ ತಮ್ಮ ಬೋರ್‌ವೆಲ್ಲಿನ ಉದ್ದನೆಯ ಪೈಪನ್ನು ಗೋಡೆಯ ಮೇಲಿಂದ ಈಚೆಗೆ ಬಿಟ್ಟರು.

ನಾಲ್ಕು ದಿನ ಬೆಳಗ್ಗೆ ನಾನು, ಭಾಗ್ಯ ಇಬ್ಬರೂ ಮರಕ್ಕೆ ಸ್ನಾನ ಮಾಡಿಸಿದೆವು. ನೀರು ಬಿದ್ದೊಡನೆ ಹುಳುಗಳು ಮರ ಬಿಟ್ಟು ನನ್ನ ತಲೆಯ ಮೇಲೆ ಕೂರುತ್ತಿದ್ದವು, ನೀರು ನಿಂತೊಡನೆ ಮರಕ್ಕೆ ಹಿಂದಿರುಗುತ್ತಿದ್ದವು. ಸ್ವಲ್ಪ ಕಡಿಮೆಯಾದವು ಎಂದು ನಾನು ಹೇಳುತ್ತಿದ್ದೆ. ಭಾಗ್ಯ ಹಾಗೆ ಹೇಳಲಿಲ್ಲ. ಅಂಟಿನ ಮೇಲೆ ಬೂಷ್ಟು ಹಿಡಿದು ಎಲೆಗಳು ಮಸಿ ಬಳಿದಂತಾದವು, ಹೂ ಉದುರಿ ಅಂಗಳ ಕಂದಾಯಿತು. ಐದನೆಯ ದಿನ ಗೋಡೆಯಾಚೆಯಿಂದ ‘ಸಾರ್, ನಮ್ಮ ಹುಳ ಎಲ್ಲಾ ಹಣ್ಣಾದ್ವು!’ ಎಂಬ ಸಂಭ್ರಮದ ಕೂಗು ಕೇಳಿತು. ಅವರ ಹುಳ ಹಣ್ಣಾಯಿತು, ನನ್ನ ಹಣ್ಣು ಹುಳುವಿನ ಪಾಲಾಯಿತು ಎಂದುಕೊಂಡೆ. ಆದರೂ ಆ ಕೂಗು ಕೇಳಿ ಸಂತೋಷವಾದದ್ದು ಸುಳ್ಳಲ್ಲ.

ಯುಗಾದಿಗೆ ಅತ್ತಮ್ಮ ಮಂಡಿನೋವೆಂದು ಬರಲಿಲ್ಲ. ಬಂದದ್ದು ಮೇ ತಿಂಗಳ ಕೊನೆಗೆ. ಅಷ್ಟು ದೊಡ್ಡ ಮರದಲ್ಲಿ ಉಳಿದದ್ದು ನಾಲ್ಕು ಕಾಯಿ. ಎರಡನ್ನು ಅಳಿಲು ಮುಗಿಸಿತ್ತು, ಒಂದು ಕೊಳೆತಿತ್ತು. ಸಿಪ್ಪೆಯ ಮೇಲೆ ಕಪ್ಪು ಮಚ್ಚೆಯಿದ್ದ ಒಂದೇ ಒಂದು ಹಣ್ಣನ್ನು ಭಾಗ್ಯ ಅಕ್ಕಿ ಡಬ್ಬಿಯಿಂದ ತೆಗೆದು, ಒರೆಸಿ, ಅಮ್ಮನ ಮುಂದಿಟ್ಟಳು. ನಾನು ತಪ್ಪಿತಸ್ಥನ ಹಾಗೆ ಬಾಗಿಲಿಗೆ ಒರಗಿ ನಿಂತಿದ್ದೆ. ಔಷಧಿ ಯಾಕೆ ಹೊಡೆಯಲಿಲ್ಲವೆಂದು ಭಾಗ್ಯ ಹೇಳಿದಳು. ಅತ್ತಮ್ಮ ಹಣ್ಣನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ‘ಅದೇ ವಾಸ್ನೆ’ ಎಂದರು. ಆಮೇಲೆ ನನ್ನತ್ತ ತಿರುಗಿ, ‘ಒಬ್ರ ಮನೆ ಹುಳ ಸಾಯ್ಸಿ ನಂಗೆ ಹಣ್ಣು ತಿನ್ನಿಸಿದ್ರೆ ಗಂಟ್ಲಲ್ಲಿ ಇಳೀತಿತ್ತೇನಪ್ಪಾ? ಕರೀರಿ ಆ ಯಮ್ಮನ್ನ’ ಎಂದರು. ಮುನಿಲಕ್ಷ್ಮಮ್ಮ ಬಂದರು. ಅತ್ತಮ್ಮ ಕುಯ್ದ ಮೊದಲ ಹೋಳು ಅವರಿಗೆ, ಎರಡನೆಯದು ತಮಗೆ, ಮೂರನೆಯದು ಮಗಳಿಗೆ. ನನಗೆ ವಾಟೆ ಬಂತು. ಅದನ್ನೇ ಚೀಪುತ್ತಾ ನಿಂತೆ. ಬೂಷ್ಟು ಮುಚ್ಚಿದ ಮರದಲ್ಲಿ ಅಂಥ ರುಚಿ ಎಲ್ಲಿ ಕೂತಿತ್ತೋ ಕಾಣೆ. ಅತ್ತಮ್ಮನ ಕಣ್ಣಲ್ಲಿ ನೀರು ಬಂದಿತ್ತು.

ಆಗ ಮುನಿಲಕ್ಷ್ಮಮ್ಮ ಕೇಳಬಾರದ್ದನ್ನು ಕೇಳಿದರು. ‘ಅಲ್ಲಮ್ಮಾ, ನೀವು ಮೊದ್ಲೇ ಫೋನಲ್ಲಿ ಹೇಳಿದ್ರಂತಲ್ಲ, ನಮ್ಮ ಹುಳ ಇನ್ನೂ ಎರಡನೇ ಜ್ವರದಲ್ಲಿತ್ತು ಆಗ. ಚಿಕ್ಕ ಹುಳಕ್ಕೆ ಆ ಕಡೆ ಸೊಪ್ಪೇ ಸಾಕಾಗ್ತಿತ್ತು. ಅವತ್ತೇ ಹೊಡೆದು, ಈ ಕಡೆ ಸಾಲನ್ನ ನೀರಲ್ಲಿ ತೊಳೆದಿದ್ರೆ ಎರಡೂ ಉಳೀತಿತ್ತು. ಸಾರ್‌ಗೆ ತೆಲುಗು ಬರಲ್ಲ ಅಂತ ನಿಮ್ಗೆ ಗೊತ್ತಿಲ್ವಾ?’

ಅತ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಇದ್ದಕ್ಕಿದ್ದಂತೆ ನಗತೊಡಗಿದರು. ‘ಗೊತ್ತಿಲ್ದೆ ಏನಮ್ಮಾ! ಹೆಣ್ಣು ನೋಡೋಕೆ ಬಂದಾಗ್ಲೇ ಗೊತ್ತಾಯ್ತು. ನಿಮ್ಮಮ್ಮನ ಮಂಡಿನೋವು ಹೆಂಗದೆ ಅಂತ ಕೇಳ್ದೆ, ಬಹಳ ಒಳ್ಳೇದು ಅಂದ್ರು! ಅವತ್ತಿಂದ ಅಳಿಯನ್ನ ಬೈಬೇಕು ಅನ್ಸಿದ್ರೆ ತೆಲುಗಲ್ಲಿ ಬೈಕೋತೀನಿ. ಬಾಯಿ ತುಂಬ ಬೈದ್ರೂ ಚಾಲಾ ಮಂಚಿದಿ ಅಂತಾರೆ. ಜಗಳ ಇಲ್ಲ, ಮನಸ್ಸೂ ಹಗುರ. ಅವತ್ತೊಂದಿನ ನಿಜವಾದ ಮಾತು ಹೇಳೋವಾಗ ಕನ್ನಡ್ದಲ್ಲಿ ಹೇಳ್ಬೇಕಾಗಿತ್ತು, ಅಭ್ಯಾಸ ಬಲ ನೋಡು, ತೆಲುಗೇ ಬಂದ್ಬಿಡ್ತು. ತಪ್ಪು ನಂದೂ ಇದೆ.’

ಇಪ್ಪತ್ತೆರಡು ವರ್ಷ! ನಾನು ಭಾಗ್ಯಳ ಮುಖ ನೋಡಿದೆ. ಅವಳು ಹಣ್ಣಿನ ಸಿಪ್ಪೆಯನ್ನು ಬಹಳ ಶ್ರದ್ಧೆಯಿಂದ ಬಳಿಯುತ್ತಿದ್ದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಗುಟ್ಟು ಒಡೆದ ಮೇಲೆ ಅತ್ತಮ್ಮನಿಗೆ ಪಾಪ, ಸಂಕೋಚ ಹತ್ತಿಕೊಂಡಿತು. ಅಂದಿನಿಂದ ನನ್ನೊಡನೆ ಶುದ್ಧ ಕನ್ನಡ. ‘ಚೆನ್ನಾಗಿದ್ದೀರಾ? ಊಟ ಆಯ್ತಾ? ಮಕ್ಕಳಿಗೆ ಪರೀಕ್ಷೆ ಯಾವಾಗ?’ ಇಷ್ಟೇ, ಫೋನು ಭಾಗ್ಯಳ ಕೈಗೆ. ಒಂದೊಂದು ಮಾತೂ ನನಗೆ ಅರ್ಥವಾಗುತ್ತಿತ್ತು, ಒಂದೂ ರುಚಿಸುತ್ತಿರಲಿಲ್ಲ. ಮಗನಂತಿದ್ದವನು ದಿನ ಬೆಳಗಾಗುವುದರಲ್ಲಿ ನೆಂಟನಾಗಿಬಿಟ್ಟಿದ್ದೆ. ಎರಡು ತಿಂಗಳು ತಡೆದುಕೊಂಡೆ. ಕೊನೆಗೆ ನಸೀಮಾ ಮೇಡಂ ಹತ್ತಿರ ಒಂದು ವಾಕ್ಯ ಬರೆಸಿಕೊಂಡೆ. ಅವರ ಮನೆಮಾತು ಉರ್ದು, ಆದರೂ ಚಿಂತಾಮಣಿಯಲ್ಲಿ ಬೆಳೆದವರಾದ್ದರಿಂದ ನನಗಿಂತ ನೂರು ಪಾಲು ಒಳ್ಳೆಯ ತೆಲುಗು ಬರುತ್ತದೆ. ಬಾಯಿಪಾಠ ಮಾಡಿ ಅತ್ತಮ್ಮನಿಗೆ ಫೋನು ಹಚ್ಚಿದೆ. ‘ಅತ್ತಮ್ಮಾ, ನನ್ನು ತೆಲುಗುಲೋನೇ ತಿಟ್ಟಂಡಿ’ ಎಂದೆ. ನನ್ನನ್ನು ತೆಲುಗಿನಲ್ಲೇ ಬೈಯಿರಿ ಎಂದು ಅದರ ಅರ್ಥ.

ಅಷ್ಟೇ ಸಾಕಾಯಿತು, ಎರಡು ತಿಂಗಳಿಂದ ಕಟ್ಟಿಟ್ಟದ್ದೆಲ್ಲ ಕೋಡಿ ಹರಿಯಿತು. ಮರ, ಹುಳ, ಸ್ಕೂಟರು, ನನ್ನ ಸಂಬಳ, ನನ್ನ ಹೊಟ್ಟೆ ಎಲ್ಲವೂ ಅದರಲ್ಲಿದ್ದಿರಬೇಕು. ನನಗೆ ತಿಳಿದದ್ದು ‘ಬುದ್ಧಿ’ ಎಂಬ ಒಂದೇ ಪದ. ಅದು ಇದೆ ಎಂದು ಹೇಳಿದ ಧಾಟಿಯಂತೂ ಆಗಿರಲಿಲ್ಲ.

ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನಾನು ಕಣ್ಣೊರೆಸಿಕೊಂಡು, ‘ಚಾಲಾ ಮಂಚಿದಿ ಅತ್ತಮ್ಮಾ’ ಎಂದೆ.